ಲಾರಿ ಕ್ಯಾಬಿನ್ ಸೋರಿದರೆ ವಾರಂಟಿಯಲ್ಲೇ ಸರಿ ಮಾಡಿಕೊಡಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ಹಾಸನದ ಎಪಿಎಂಸಿಯಲ್ಲಿ ಲೋಡಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೊಸ ಲಾರಿಯ ಹುಡುಗ ಕ್ಯಾಬಿನ್‌ನ ಮ್ಯಾಟ್ ಎತ್ತಿ ಬಂಪರ್ ಮೇಲೆ ಒಣಗಲು ಹಾಕುತ್ತಿದ್ದ. ಹಿಂಡಿದರೆ ನೀರು. "ಏನಪ್ಪಾ, ಗಾಡಿ ತೊಳೆದ್ಯಾ?" ಎಂದು ಕೇಳಿದೆ. "ಇಲ್ಲಣ್ಣ, ಭರಣಿ ಮಳೆ. ಒಳಗೆ ಸೋರ್ತಿದೆ" ಎಂದ. ಗಾಡಿ ತೆಗೆದುಕೊಂಡು ಇನ್ನೂ ನಾಲ್ಕು ತಿಂಗಳು. ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ "ರಬ್ಬರ್ ಐಟಂ ವಾರಂಟಿಗೆ ಬರಲ್ಲ, ಹೊರಗಡೆ ಒಂದು ಟ್ಯೂಬ್ ಸಿಲಿಕಾನ್ ಹಾಕಿಸಿಕೊಳ್ಳಿ" ಎಂದರಂತೆ. ಅವನೂ ಹೂಂ ಎಂದು ಬಂದುಬಿಟ್ಟಿದ್ದ.

ಎರಡು ವರ್ಷದ ಹಿಂದೆ ನನಗೂ ಇದೇ ಮಾತು ಹೇಳಿದ್ದರು. ನನ್ನ ಗಾಡಿ ಬೇರೆ ಕಂಪನಿಯದು, ಸರ್ವಿಸ್ ಸೆಂಟರ್ ಬೇರೆ. ಮಾತು ಮಾತ್ರ ಒಂದೇ. ಮುಂಗಾರು ಹಿಡಿಯುವ ಮೊದಲು ನಮ್ಮ ಜಿಲ್ಲೆಯ ಚಾಲಕರಿಗೂ, ಲಾರಿ ಮಾರುವವರಿಗೂ ಗೊತ್ತಾಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಆಲೂರು ತಾಲ್ಲೂಕಿನವನು. ಇಪ್ಪತ್ತೆರಡು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ. ಮೊದಲ ಹದಿನೇಳು ವರ್ಷ ಬೇರೆಯವರ ಗಾಡಿ, ಆಮೇಲೆ ಹಳೆಯದೊಂದು ಸ್ವಂತ ಗಾಡಿ. 2024ರ ಜನವರಿಯಲ್ಲಿ ಸಾಲ ಮಾಡಿ ಹೊಸ ಆರು ಚಕ್ರದ ಲಾರಿ ತೆಗೆದುಕೊಂಡೆ. ಹಾಸನದಿಂದ ಕಾಫಿ, ಶುಂಠಿ, ಆಲೂಗಡ್ಡೆ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಗೊಬ್ಬರವೋ ಟೈಲ್ಸೋ ಸಿಕ್ಕಿದ್ದು ತರುತ್ತೇನೆ. ತಿಂಗಳಿಗೆ 62 ಸಾವಿರ ಕಂತು. ಗಾಡಿ ಎರಡು ದಿನ ನಿಂತರೂ ಲೆಕ್ಕ ತಪ್ಪುತ್ತದೆ.

ಆ ವರ್ಷ ಆರಿದ್ರ ಮಳೆ ಶುರುವಾದಾಗ ಮೊದಲ ಸಲ ನೀರು ಕಂಡಿತು. ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುತ್ತಿದ್ದೆ. ಎಡಗಡೆ ಸೀಟಿನಲ್ಲಿದ್ದ ಕ್ಲೀನರ್ ಹುಡುಗ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡ. ಬಗ್ಗಿ ನೋಡಿದರೆ ಡ್ಯಾಶ್‌ಬೋರ್ಡ್ ಕೆಳಗಿನಿಂದ ತೊಟ್ ತೊಟ್ ಎಂದು ಹನಿ ಬೀಳುತ್ತಿದೆ. ಗಾಡಿ ಸಮತಟ್ಟಿಗೆ ಬಂದು ನೆಲ್ಯಾಡಿ ಮುಟ್ಟುವ ಹೊತ್ತಿಗೆ ಹನಿ ನಿಂತಿತ್ತು. ಮಳೆ ನಿಂತಿರಲಿಲ್ಲ. ಆ ದಿನ ಇದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಸರ್ವಿಸ್ ಸೆಂಟರ್‌ಗೆ ತೆಗೆದುಕೊಂಡು ಹೋದೆ. ಮುಂದಿನ ಗ್ಲಾಸಿಗೆ ಹತ್ತು ನಿಮಿಷ ಪೈಪ್ ಹಿಡಿದರು. ಒಳಗೆ ಒಂದು ಹನಿಯೂ ಇಲ್ಲ. ಆದರೂ ಗ್ಲಾಸಿನ ಸುತ್ತ ಸಿಲಿಕಾನ್ ಬಳಿದು ಕಳಿಸಿದರು. ಪುನರ್ವಸು ಮಳೆಯಲ್ಲಿ ಮತ್ತೆ ಸೋರಿತು. ಮತ್ತೆ ಹೋದೆ, ಮತ್ತೆ ಸಿಲಿಕಾನ್. ಎರಡೂ ಸಲ, ಗಾಡಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ "ಜನರಲ್ ಚೆಕಪ್" ಎಂದಷ್ಟೇ ಬರೆದಿದ್ದರು. ನಾನೂ ಓದದೆ ಸಹಿ ಹಾಕಿದ್ದೆ.

ಜುಲೈ ಕೊನೆಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿಯಿತಲ್ಲ, ಆಗ ನಾನು ಸಕಲೇಶಪುರದ ಆಚೆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ನಿಲ್ಲಿಸಿದ್ದು ಇಳಿಜಾರಿನಲ್ಲಿ, ಮೂತಿ ಕೆಳಗೆ. ರಾತ್ರಿಯಿಡೀ ಜಡಿ ಮಳೆ. ಹಿಂದೆ ಕಾಫಿ ಮೂಟೆಗಳ ಮೇಲೆ ಎರಡು ಟಾರ್ಪಾಲ್ ಹಾಕಿ ಹಗ್ಗ ಬಿಗಿದಿದ್ದೆ, ಅಲ್ಲಿ ಒಂದು ಹನಿಯೂ ಇಳಿದಿರಲಿಲ್ಲ. ಮುಂದೆ ನಾವಿಬ್ಬರು ಮಲಗುವ ಜಾಗ ಒದ್ದೆ. ಹುಡುಗ ಅನ್ನ ಮಾಡುವ ಪಾತ್ರೆಯನ್ನು ಹನಿಯ ಕೆಳಗೆ ಇಟ್ಟ. ಬೆಳಗಿನ ಜಾವ ಮೂರು ಗಂಟೆಗೆ ಕೀ ತಿರುಗಿಸಿದೆ, ಹೀಟರ್ ಹಾಕಿ ಗ್ಲಾಸಿನ ಮಂಜು ತೆಗೆಯೋಣ ಎಂದು. ಮೀಟರ್ ಬೋರ್ಡ್‌ನಲ್ಲಿ ಬ್ರೇಕಿನ ಎಬಿಎಸ್ ದೀಪ, ಇಂಜಿನ್ ದೀಪ ಎರಡೂ ಹತ್ತಿಕೊಂಡವು. ವೈಪರ್ ಅರ್ಧಕ್ಕೆ ನಿಂತುಬಿಟ್ಟಿತು. ಘಾಟಿಯಲ್ಲಿ, ಆ ಮಳೆಯಲ್ಲಿ, ವೈಪರ್ ಇಲ್ಲದ ಗಾಡಿ. ಹುಡುಗನ ಮುಖ ನೋಡಿದೆ. ಅವನಿಗೆ ಹತ್ತೊಂಬತ್ತು ವರ್ಷ. ಅವನನ್ನು ಅವರಮ್ಮ ನನ್ನ ಮೇಲೆ ನಂಬಿಕೆ ಇಟ್ಟು ಕಳಿಸಿದ್ದಾರೆ.

ಬೆಳಕಾದ ಮೇಲೆ ಎಡಗಡೆ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದೆ. ವೈರ್ ಜೋಡಿಸುವ ಕಪ್ಲರ್ ಒಳಗಿನ ಪಿನ್‌ಗಳಿಗೆ ಹಸಿರು ಕಿಲುಬು ಹತ್ತಿತ್ತು. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಬಿದ್ದು ಮರೆತರೆ ಆಗುತ್ತಲ್ಲ, ಅದೇ ಬಣ್ಣ. ಕ್ಯಾಬಿನ್ ಸೋರುವುದೆಂದರೆ ಸೀಟು ಒದ್ದೆಯಾಗುವುದು, ಅಷ್ಟೇ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದ, ಲಾರಿಯಲ್ಲಿ ಸೆನ್ಸರ್‌ಗಳೂ ವೈರಿಂಗೂ ತುಂಬಾ ಜಾಸ್ತಿ. ನನ್ನ ಗಾಡಿಯಲ್ಲಿ ಅದರ ಕಪ್ಲರ್‌ಗಳೆಲ್ಲ ಡ್ಯಾಶ್‌ಬೋರ್ಡ್ ಕೆಳಗೇ ಇವೆ. ಅಲ್ಲಿಗೆ ನೀರು ಇಳಿದರೆ ಬ್ರೇಕಿಗೂ ದೀಪಕ್ಕೂ ತೊಂದರೆ.

ಮೂರನೇ ಸಲ ಹೋದಾಗ ಅಡ್ವೈಸರ್ ಹೇಳಿದ್ದು: "ನೀವು ಘಾಟಿಯಲ್ಲಿ ಓಡಿಸ್ತೀರಿ ಸಾರ್, ಆ ಮಳೆಗೆ ಸ್ವಲ್ಪ ಬಂದೇ ಬರುತ್ತೆ. ರಬ್ಬರ್, ಬೀಡಿಂಗ್ ಎಲ್ಲ ಸವೆಯೋ ಐಟಂ. ವಾರಂಟಿ ಇಲ್ಲ." ನನಗೆ ಸಂಕಟವಾಯಿತು. ಗಾಡಿ ಮಾರುವಾಗ ಹಾಸನ ಜಿಲ್ಲೆಯಲ್ಲಿ ಮಳೆ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಾರುವ ಗಾಡಿ ಮಳೆಯಲ್ಲೇ ಓಡಬೇಕು. ಆರು ತಿಂಗಳಿಗೆ ರಬ್ಬರ್ ಸವೆಯುವುದೂ ಇಲ್ಲ. ಸವೆದಿದ್ದರೆ ಅದೇ ಒಂದು ದೋಷ.

ಆಗ ನನಗೆ ದಾರಿ ತೋರಿಸಿದವರು ಹಾಸನದಲ್ಲಿ ಗ್ಲಾಸ್ ಮತ್ತು ಟಿಂಕರಿಂಗ್ ಕೆಲಸ ಮಾಡುವ ಒಬ್ಬ ಹಳೇ ಮೇಸ್ತ್ರಿ. ಗಾಡಿಗೆ ಕೈ ಹಾಕಲಿಲ್ಲ. "ನಾನು ಬಿಚ್ಚಿದರೆ ಅದನ್ನೇ ನೆಪ ಮಾಡಿ ವಾರಂಟಿ ಕಳೀತಾರೆ. ತೂತು ಎಲ್ಲಿದೆ ಅಂತ ನೀವೇ ಹುಡುಕಿ, ವಿಡಿಯೊ ಮಾಡಿ, ಅವರ ಹತ್ತಿರವೇ ಬಿಚ್ಚಿಸಿ" ಎಂದರು. ಇನ್ನೊಂದು ಮಾತನ್ನೂ ಹೇಳಿದರು: "ನೀರು ನುಗ್ಗೋ ಜಾಗ ಬೇರೆ, ಬೀಳೋ ಜಾಗ ಬೇರೆ." ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಂಚು ಒಡೆದದ್ದು ಒಂದು ಕಡೆ, ನೀರು ಪಕಾಸಿ ಹಿಡಿದು ಇಳಿದು ಹನಿ ಬೀಳುವುದು ಇನ್ನೊಂದು ಕಡೆ.

ಅವರು ಹೇಳಿಕೊಟ್ಟ ಕ್ರಮವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಮೊದಲು ಕ್ಯಾಬಿನ್ ಒಳಗೆ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಮ್ಯಾಟ್ ಎತ್ತಿ ನೆಲಕ್ಕೆ ಹಳೇ ಪೇಪರ್ ಹಾಸಬೇಕು, ಮೊದಲ ಹನಿ ಬಿದ್ದ ಕೂಡಲೇ ಕಲೆ ಕಾಣುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು, ಹೊರಗೆ ಒಬ್ಬರು ಪೈಪ್ ಹಿಡಿಯಬೇಕು. ನೀರನ್ನು ಕೆಳಗಿನಿಂದ ಶುರು ಮಾಡಬೇಕು. ಬಾಗಿಲ ಕೆಳಭಾಗ, ಆಮೇಲೆ ಗ್ಲಾಸಿನ ಕೆಳಗಿನ ಅಂಚು, ಪಕ್ಕಗಳು, ಮೇಲಂಚು, ಕೊನೆಗೆ ಟಾಪ್, ಅಂದರೆ ಕ್ಯಾಬಿನ್ ಚಾವಣಿ. ಒಂದೊಂದು ಜಾಗಕ್ಕೆ ಐದು ನಿಮಿಷ, ಸುಮ್ಮನೆ ಮಳೆಯ ಹಾಗೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ. ವಾಷಿಂಗ್ ಮಾಡುವ ಪ್ರೆಶರ್ ಪೈಪ್ ಬೇಡವೇ ಬೇಡ, ಅದು ಸರಿ ಇರುವ ರಬ್ಬರ್ ಸಂದಿಯಲ್ಲೂ ನೀರು ನುಗ್ಗಿಸುತ್ತದೆ. ಬಾಗಿಲ ಮೇಲೆ ಅನುಮಾನ ಇದ್ದರೆ ಒಂದು ಪೇಪರ್ ಚೂರು ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆಯಬೇಕು. ಬಿಗಿಯಾಗಿ ಬಂದರೆ ರಬ್ಬರ್ ಕೂತಿದೆ, ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ. ಬಾಗಿಲ ತಳದಲ್ಲಿ ನೀರು ಹೊರಗೆ ಹೋಗುವ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿದ್ದರೂ ನೀರು ಒಳಗೆ ತಿರುಗುತ್ತದೆ. ಅದನ್ನು ಒಂದು ಕಡ್ಡಿಯಿಂದ ಬಿಡಿಸುವುದು ನಮ್ಮದೇ ಕೆಲಸ.

ಒಂದು ಭಾನುವಾರ ನಮ್ಮೂರಿನ ರಸ್ತೆಯಲ್ಲೇ ಇದನ್ನು ಮಾಡಿದೆ. ಪಿಯುಸಿ ಓದುವ ನನ್ನ ಮಗಳು ಮೊಬೈಲ್ ಟಾರ್ಚ್ ಹಿಡಿದು ಒಳಗೆ ಕೂತಳು. ಕೆಳಗಿನಿಂದ ಮೇಲಿನವರೆಗೆ ಎಲ್ಲ ಮುಗಿಯಿತು. ಒಂದು ಹನಿಯೂ ಇಲ್ಲ. ನಾನು ಪೈಪ್ ಬಿಸಾಡಿ ಕೂತೆ. ಆಗ ಅವಳೇ ಕೇಳಿದಳು: "ಅಪ್ಪಾ, ಸೋರೋದು ಘಾಟಿ ಇಳಿಯೋವಾಗ ಮಾತ್ರ ಅಲ್ವಾ?"

ಡೈರಿ ಮುಂದಿನ ಇಳಿಜಾರಿಗೆ ಗಾಡಿ ತಂದು ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ಚಕ್ರಗಳಿಗೆ ಕಲ್ಲು ಕೊಟ್ಟೆ. ಟಾಪ್ ಮೇಲೆ ನೀರು ಬಿಟ್ಟೆ. ಸಮತಟ್ಟಿನಲ್ಲಿ ಹಿಂದಕ್ಕೂ ಪಕ್ಕಕ್ಕೂ ಹರಿದುಹೋಗುತ್ತಿದ್ದ ನೀರು ಈಗ ಟಾಪ್‌ನ ಮುಂದಿನ ಅಂಚಿನಲ್ಲಿ, ಎಡಗಡೆಯ ಲೈಟಿನ ಸುತ್ತ ಮಡುಗಟ್ಟಿತು. ನಾಲ್ಕು ನಿಮಿಷ ಆಗಿರಬಹುದು, "ಬಂತು!" ಎಂದು ಒಳಗಿನಿಂದ ಕೂಗಿದಳು. ಹೋಗಿ ನೋಡಿದೆ. ಗ್ಲಾಸಿನ ಪಕ್ಕದ ಕಂಬದ ಪ್ಲಾಸ್ಟಿಕ್ ಕವರ್ ತುದಿಯಲ್ಲಿ ಒಂದು ಹನಿ ನಿಧಾನಕ್ಕೆ ದಪ್ಪವಾಗುತ್ತಿತ್ತು. ಟಾರ್ಚ್ ಬೆಳಕಿನಲ್ಲಿ ಮಿಂಚಿತು, ಉದ್ದವಾಯಿತು, ಬಿತ್ತು. ನೇರ ಫ್ಯೂಸ್ ಬಾಕ್ಸ್ ಮೇಲೆ. ಮೂರು ತಿಂಗಳು ಹುಡುಕಿದ ಹನಿ ಅದು. ಮಗಳು ಅಷ್ಟೂ ವಿಡಿಯೊ ಮಾಡಿದ್ದಳು. ಲೈಟಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಗುಂಡು ಗೆರೆ ಎಳೆದೆ.

ನಾಲ್ಕನೇ ಸಲ ಸರ್ವಿಸ್ ಸೆಂಟರ್‌ಗೆ ಹೋಗುವ ಮೊದಲು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ. ಅವರು ತೀರ್ಪು ಕೊಡುವವರಲ್ಲ, ಆದರೆ ಕಂಪನಿಯ ಮೇಲಿನ ಕಚೇರಿಗೆ ಮಾತು ಮುಟ್ಟುತ್ತದೆ. ನನಗೆ ಎಂಟನೇ ದಿನ ಕಂಪನಿಯಿಂದ ಫೋನ್ ಬಂತು. ಈ ಸಲ ಜಾಬ್ ಕಾರ್ಡ್‌ನಲ್ಲಿ ನಾನು ಹೇಳಿದ ಮಾತನ್ನೇ ಬರೆಸಿದೆ: "ಇಳಿಜಾರಿನಲ್ಲಿ ಎಡಗಡೆ ಟಾಪ್ ಲೈಟಿನಿಂದ ಕ್ಯಾಬಿನ್ ಒಳಗೆ ನೀರು, ಫ್ಯೂಸ್ ಬಾಕ್ಸ್ ಒದ್ದೆ, ನಾಲ್ಕನೇ ಬಾರಿ ದೂರು." ಬರೆಸಿದ ಮೇಲೆಯೇ ಸಹಿ ಹಾಕಿದೆ.

ನನ್ನ ಮುಂದೆಯೇ ಲೈಟ್ ಬಿಚ್ಚಿದರು. ಕೆಳಗಿನ ರಬ್ಬರ್ ಪ್ಯಾಕಿಂಗ್ ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಕೂರಿಸುವಾಗಲೇ ಆದ ತಪ್ಪು. ವೈರ್ ಒಳಗೆ ಹೋಗುವ ತೂತಿನ ರಬ್ಬರ್ ಬುಶ್ ಅರ್ಧ ಹೊರಗಿತ್ತು. ಆ ಪ್ಯಾಕಿಂಗ್ ಅಂಗೈಯಷ್ಟು ದೊಡ್ಡದೂ ಇಲ್ಲ. ಹೊಸದು ಹಾಕಿ, ಬುಶ್ ಸರಿಯಾಗಿ ಕೂರಿಸಿ, ಲೈಟ್ ಬಿಗಿಯಲು ಹಿಡಿದದ್ದು ಮುಕ್ಕಾಲು ಗಂಟೆ. ಆಮೇಲೆ ಆ ಮೆಕ್ಯಾನಿಕ್ ಹುಡುಗ ತಾನೇ ಗಾಡಿಯನ್ನು ರ‍್ಯಾಂಪ್ ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ನೀರು ಬಿಟ್ಟು ತೋರಿಸಿದ. ಅವನ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೊದಲ ದಿನವೇ ಅವನಿಗೆ ಅಷ್ಟು ಹೊತ್ತು ಕೊಟ್ಟಿದ್ದರೆ ಸಾಕಿತ್ತು.

ಕಷ್ಟವಾಗಿದ್ದು ಮುಂದಿನದು. ಲೈಟಿನ ಪ್ಯಾಕಿಂಗ್ ವಾರಂಟಿಯಲ್ಲಿ ಆಯಿತು, ಆದರೆ ಕಿಲುಬು ಹತ್ತಿದ ಕಪ್ಲರ್, ನೀರು ಕುಡಿದ ನೆಲದ ಸ್ಪಂಜು, ಅದರ ಕೆಳಗೆ ಶುರುವಾಗಿದ್ದ ತುಕ್ಕು, ಇವೆಲ್ಲ "ನೀರಿನಿಂದ ಆದ ಹಾನಿ, ವಾರಂಟಿಗೆ ಸೇರಲ್ಲ" ಎಂದರು. ನೀರು ಬಂದದ್ದೇ ಅವರ ಪ್ಯಾಕಿಂಗ್‌ನಿಂದ. ನದಿಗೆ ಇಳಿಸಿದ ಗಾಡಿಯೇ ಇದು? ಕೂತು ಮಾತಾಡಿದೆ. ಮೂರು ಭೇಟಿಯ ದಿನಾಂಕ ತೋರಿಸಿದೆ. ಕಪ್ಲರ್ ಮತ್ತು ವೈರಿಂಗ್ ತುಂಡು ಹಾಕಿಕೊಟ್ಟರು. ಸ್ಪಂಜಿಗೆ ಇನ್ನೂ ಮೂರು ವಾರ ಓಡಾಡಿಸಿದರು. ಒದ್ದೆ ಸ್ಪಂಜು ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಅದನ್ನು ಬಿಟ್ಟರೆ ನೆಲದ ತಗಡು ಹೋಗುತ್ತದೆ, ಮುಗ್ಗು ವಾಸನೆಯಲ್ಲಿ ಮಲಗಿ ಮನುಷ್ಯರಿಗೂ ಕೆಮ್ಮು ಹಿಡಿಯುತ್ತದೆ. 2025ರ ಮಳೆಗಾಲ ಪೂರ್ತಿ ಓಡಿಸಿದ್ದೇನೆ. ಒಂದು ಹನಿ ಒಳಗೆ ಬಂದಿಲ್ಲ.

ಸಿಲಿಕಾನ್ ಬಗ್ಗೆ ಒಂದು ಮಾತು. ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ತಗಡಿಗೆ ತುಕ್ಕು ಹಿಡಿಸುತ್ತದೆ. ಈಗಿನ ಎಷ್ಟೋ ಗಾಡಿಗಳಲ್ಲಿ ಗ್ಲಾಸನ್ನು ಪಾಲಿಯುರೆಥೇನ್ ಎಂಬ ಗಟ್ಟಿ ಅಂಟಿನಿಂದ ಕೂರಿಸುತ್ತಾರೆ. ಸಿಲಿಕಾನ್ ಬಳಿದ ಜಾಗಕ್ಕೆ ಆ ಅಂಟು ಆಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ತೂತು ಹುಡುಕದೆ ಬಳಿಯುವುದು ಗಾಯ ನೋಡದೆ ಪಟ್ಟಿ ಸುತ್ತಿದ ಹಾಗೆ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಗಾಡಿ ಬಂದ ವಾರದಲ್ಲೇ ಟಾಪ್‌ಗೆ ಡ್ರಿಲ್ ಹಾಕಿ ಏರ್ ಹಾರ್ನ್, ಬೋರ್ಡು, ಬಣ್ಣದ ಲೈಟು ಕೂರಿಸುತ್ತೇವೆ. ಆ ತೂತಿನಿಂದ ಸೋರಿದರೆ ಕಂಪನಿಯನ್ನು ಕೇಳುವ ಬಾಯಿ ನಮಗಿರುವುದಿಲ್ಲ. ಮಳೆಯ ಮೊದಲ ವರ್ಷ ಮುಗಿಯುವವರೆಗಾದರೂ ಟಾಪ್‌ಗೆ ಡ್ರಿಲ್ ಹಾಕಬೇಡಿ ಎಂದು ಗೆಳೆಯರಲ್ಲಿ ಕೇಳಿಕೊಳ್ಳುತ್ತೇನೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ, ಮಧ್ಯಮ ಲಾರಿಗಳಿಗೆ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯವಾಗಿದೆ. ಒಳ್ಳೆಯ ನಿಯಮ, ಚಾಲಕರು ಎಷ್ಟೋ ವರ್ಷ ಕಾದದ್ದು. ಆದರೆ ಎಸಿಯಿಂದಲೂ ನೀರು ಇಳಿಯುತ್ತದೆ. ಅದು ಹೊರಗೆ ಹೋಗುವ ಪೈಪ್ ಕಟ್ಟಿಕೊಂಡರೆ ಕಾಲಿನ ಹತ್ತಿರವೇ ಸೋರುತ್ತದೆ. ಹಾಗಾಗಿ ಸರ್ವಿಸ್ ಸೆಂಟರ್‌ನಲ್ಲಿ ಎಲ್ಲದಕ್ಕೂ "ಎಸಿ ನೀರು" ಎಂದುಬಿಡುತ್ತಾರೆ. ಎಸಿ ಆಫ್ ಮಾಡಿ ಪೈಪ್ ಹಿಡಿದರೆ ಯಾವ ನೀರು ಎಂದು ಗೊತ್ತಾಗುತ್ತದೆ. ಬಣ್ಣವಿದ್ದು ಬೆರಳಿಗೆ ಜಿಗುಟಾದರೆ ಅದು ರೇಡಿಯೇಟರ್ ಕಡೆಯ ಕೂಲಂಟ್, ಇಂಜಿನ್ ತಣ್ಣಗಿಡುವ ದ್ರವ, ಅದನ್ನು ಒಂದು ದಿನವೂ ಬಿಡಬಾರದು.

"ಲಾರಿ ಕಮರ್ಷಿಯಲ್ ಗಾಡಿ, ಗ್ರಾಹಕರ ಕೋರ್ಟಿಗೆ ಬರಲ್ಲ" ಎಂದು ಹೆದರಿಸುವವರೂ ಇದ್ದಾರೆ. ಇದು ಅರ್ಧ ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕೆ ಕೊಂಡವರನ್ನು ಹೊರಗಿಟ್ಟಿದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆಂದೇ ಕೊಂಡು ಬಳಸುವವನನ್ನು ಗ್ರಾಹಕ ಎಂದೇ ಒಪ್ಪಿದೆ. ಒಂದು ಗಾಡಿ ಇಟ್ಟುಕೊಂಡು ತಾನೇ ಓಡಿಸುವ ನಮ್ಮಂಥವರಿಗೆ ಆ ಬಾಗಿಲು ತೆರೆದೇ ಇದೆ. 50 ಲಕ್ಷದವರೆಗೆ ಕೊಟ್ಟು ಕೊಂಡ ವಸ್ತುವಿನ ದೂರು ಜಿಲ್ಲಾ ಗ್ರಾಹಕ ಆಯೋಗದಲ್ಲೇ ನಡೆಯುತ್ತದೆ. ಕಂಪನಿ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಹೋಗಬಹುದು ಎಂದು ಗೊತ್ತಿದ್ದದ್ದಕ್ಕೇ ಎದುರು ಕೂತು ಮಾತಾಡಲು ಧೈರ್ಯ ಬಂತು.

ನಮ್ಮ ಜಿಲ್ಲೆಯಲ್ಲೂ ಚಿಕ್ಕಮಗಳೂರಿನಲ್ಲೂ ಲಾರಿ ಮಾರುವ ಎಲ್ಲ ಕಂಪನಿಗಳವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಮೇ ತಿಂಗಳಲ್ಲಿ ಹೊಸ ಗಾಡಿಗಳನ್ನು ಒಮ್ಮೆ ಕರೆಸಿ, ಮೂತಿ ಇಳಿಸಿ ಒಮ್ಮೆ, ಮೂತಿ ಏರಿಸಿ ಒಮ್ಮೆ ನೀರು ಹಿಡಿದು ನೋಡಿ. ಅರ್ಧ ಗಂಟೆಯ ಕೆಲಸ. ಸೋರಿದರೆ ಎಲ್ಲಿಂದ ಎಂದು ಜಾಬ್ ಕಾರ್ಡ್‌ನಲ್ಲಿ ಬರೆಯಿರಿ. ಸೋರಿದ ನೀರಿನಿಂದ ಕೆಟ್ಟದ್ದನ್ನೂ ಅದೇ ವಾರಂಟಿಯಲ್ಲಿ ಸೇರಿಸಿ. ಕ್ಯಾಬಿನ್ ನಮಗೆ ಬರೀ ಕೂರುವ ಜಾಗವಲ್ಲ. ತಿಂಗಳಲ್ಲಿ ಹದಿನೆಂಟು ರಾತ್ರಿ ನಾನು ಮಲಗುವುದು ಅಲ್ಲೇ. ದೇವರ ಫೋಟೊ ಇರುವುದೂ, ಮಗಳು ಕಟ್ಟಿಕೊಟ್ಟ ಬುತ್ತಿ ಇರುವುದೂ ಅಲ್ಲೇ.

ಎಪಿಎಂಸಿಯಲ್ಲಿ ಮ್ಯಾಟ್ ಒಣಗಿಸುತ್ತಿದ್ದ ಆ ಹುಡುಗನ ಗಾಡಿ ಇವತ್ತು ಸರ್ವಿಸ್ ಸೆಂಟರ್‌ನಲ್ಲಿದೆ. ಬೆಳಿಗ್ಗೆ ಜಾಬ್ ಕಾರ್ಡ್‌ನ ಫೋಟೊ ಕಳಿಸಿದ್ದಾನೆ. "ಎಸಿ ಆಫ್ ಇದ್ದಾಗಲೂ ಮಳೆಯಲ್ಲಿ ಎಡಗಡೆ ಒಳಗೆ ನೀರು" ಎಂದು ಅವನ ಮಾತಿನಲ್ಲೇ ಬರೆದಿದ್ದಾರೆ. ಆರಿದ್ರ ಮಳೆಗೆ ಇನ್ನು ಐದು ವಾರ ಇದೆ.

ಇಂತಿ,
ಲಾರಿ ಚಾಲಕ ಮತ್ತು ಮಾಲೀಕ,
ಆಲೂರು ತಾಲ್ಲೂಕು, ಹಾಸನ ಜಿಲ್ಲೆ